ಎರಡು ಅಟ್ಟಗಳು

ನಮ್ಮ ಕಡೆಯ ಮಾತಿನಲ್ಲಿ ಅಟ್ಟವೆಂಬುದಕ್ಕೆ ಎರಡರ್ಥ. ಮನೆಯ ಮೇಲುಮಾಳಿಗೆಯೂ ಅಟ್ಟವೇ. ಬಯಲಾಟಕ್ಕೆಂದು ಊರ ನಡುವೆ ಕಂಬ ನೆಟ್ಟು, ಹಲಗೆ ಹಾಸಿ ಕಟ್ಟುವ ರಂಗಸ್ಥಳವೂ ಅಟ್ಟವೇ. ಈ ಲೇಖನದಲ್ಲಿ ಹೇಳಹೊರಟಿರುವುದು ಇಂಥ ಎರಡು ಅಟ್ಟಗಳ ಸಂಗತಿ. ಒಂದು, ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕುಲಗೋಡ ಗ್ರಾಮದ ಬಯಲಾಟದ ಅಟ್ಟ. ಇನ್ನೊಂದು, ಅಮೆರಿಕದ ಕ್ಯಾಲಿಫೋರ್ನಿಯದೊಳಗಿನ ಸ್ಯಾನ್ ಮೆಟಿಯೋ ಎಂಬ ಪಟ್ಟಣದಲ್ಲಿ ಪಿಜ್ಜಾ ಅಂಗಡಿಯೊಂದರ ಮೇಲಿದ್ದ ಅಟ್ಟ. ಇವೆರಡಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದು ದಿನದಿನಕ್ಕೆ ಹತ್ತಿರವಾಗುತ್ತಲೂ ಇದೆ.

ಕುಲಗೋಡದ ಹೆಸರು ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಉಳಿದಿರುವುದು ಶ್ರೀಕೃಷ್ಣ ಪಾರಿಜಾತದಿಂದ. ನಾರದನು ತಂದ ಒಂದು ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟುದರಿಂದ ಸತ್ಯಭಾಮೆಗೆ ಬಂದ ಮುನಿಸು, ಆ ಮುನಿಸನ್ನು ತಿಳಿಯಾಗಿಸಲು ಕೃಷ್ಣನು ಪಡುವ ಪಾಡು, ಇಷ್ಟೇ ಇದರ ಕಥಾವಸ್ತು. ಈ ಕಥೆಯನ್ನು ಮೊದಲು ಹಾಡಿನಲ್ಲಿ ಕಟ್ಟಿದವನು ರಾಯಚೂರ ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ತಿದ್ದಿ, ಬೆಳೆಸಿ, ಜನ ನೋಡುವ ಆಟವನ್ನಾಗಿ ಮಾಡಿದವನು ಕುಲಗೋಡ ತಮ್ಮಣ್ಣ. ಇಬ್ಬರ ಹೆಸರೂ ಒಂದೇ ಆದುದರಿಂದ ಊರ ಹೆಸರು ಹಿಡಿದೇ ಇವರನ್ನು ಗುರುತಿಸಬೇಕಾಗಿದೆ. ಕುಲಗೋಡಕ್ಕೆ ಸಮೀಪದ ಕೌಜಲಗಿಯ ನಿಂಗಮ್ಮನವರು ಮುಂದೆ ಇದೇ ಪಾರಿಜಾತದಿಂದ ನಾಡಿನಲ್ಲೆಲ್ಲ ಹೆಸರಾದರು.

ಆಟ ಇರುಳಿಡೀ ನಡೆಯುತ್ತಿದ್ದಿತು. ಭಾಗವತ ಹಾಡುತ್ತಿದ್ದ, ದೂತಿ ನಡುನಡುವೆ ಬಂದು ಭಾಗವತನನ್ನೂ ಕೆಣಕಿ, ನೋಡುವವರನ್ನೂ ನಗಿಸಿ ಕಥೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ನೋಡುವವರಿಗೆ ಟಿಕೀಟಿನ ಹಂಗಿರಲಿಲ್ಲ. ಆದರೆ ಪುಕ್ಕಟೆಯ ಆಟವೂ ಪುಕ್ಕಟೆ ಆಗುವುದಿಲ್ಲವೆಂಬುದನ್ನು ಊರ ಹಿರಿಯರು ಬಲ್ಲರು. ಊರಲ್ಲಿ ಪಟ್ಟಿ ಎತ್ತಬೇಕು. ಎಣ್ಣೆ-ದೀಪ, ಹಂದರ, ಮೇಳದವರ ಊಟ, ವೀಳ್ಯ, ಮರುದಿನದ ಬಂಡಿಯ ವ್ಯವಸ್ಥೆ, ಎಲ್ಲಕ್ಕೂ ಯಾರೋ ಒಬ್ಬರು ಹೊಣೆಯಾಗಬೇಕು. ಮುಂದೆ ಕುಳಿತು ನಕ್ಕವನ ಕಣ್ಣಿಗೆ ಈ ದುಡಿಮೆ ಕಾಣುವುದಿಲ್ಲ. ಸ್ಯಾನ್ ಮೆಟಿಯೋದ ಅಟ್ಟದ ಕಥೆಯೂ ಮುಖ್ಯವಾಗಿ ಇಂಥ ಕಾಣದ ದುಡಿಮೆಯ ಕಥೆಯೇ ಆಗಿದೆ.

ಆ ಅಟ್ಟ ಹತ್ತುವ ಮೊದಲು ನಡುವಿನ ಎರಡು ಮೆಟ್ಟಿಲುಗಳನ್ನು ನೆನೆಯಬೇಕು. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನಿನ ತಟ್ಟೆಗೆ ಹಾಡಿದಳು. ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದು ಆಕೆಯ ಪರಿಪಾಠವಾಗಿದ್ದಿತು. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ನಮ್ಮ ಕಡೆಯ ಕಂಠಗಳಿಗೆ ಹೊಸದೊಂದು ಬಯಲು ದೊರೆಯಿತು. ಆದರೆ ತಟ್ಟೆಯಾಗಲಿ ಬಾನುಲಿಯಾಗಲಿ, ಯಾರು ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬುದನ್ನು ಬೇರೆಯವರು ಗೊತ್ತುಮಾಡುತ್ತಿದ್ದರು. ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದೇ ಇದ್ದ.

ಆ ಬಾಗಿಲನ್ನು ತೆಗೆದಿಟ್ಟವರು ಮೂವರು ತರುಣರು: ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೇದ್ ಕರೀಮ್. ಚೆನ್ ಹುಟ್ಟಿದ್ದು ತೈವಾನಿನಲ್ಲಿ. ಕರೀಮನು ಹುಟ್ಟಿದ್ದು ಅಂದಿನ ಪೂರ್ವ ಜರ್ಮನಿಯಲ್ಲಿ, ತಂದೆ ಬಾಂಗ್ಲಾ ದೇಶದವರು. ಮೂವರೂ ಪೇಪಾಲ್ ಎಂಬ ಹಣ ಪಾವತಿಯ ಕಂಪನಿಯಲ್ಲಿ ದುಡಿದವರು. ೨೦೦೫ರ ಫೆಬ್ರವರಿ ೧೪ರಂದು ಅವರು ಯೂಟ್ಯೂಬ್ ಎಂಬ ಹೆಸರನ್ನು ನೋಂದಾಯಿಸಿದರು. ಮೊದಲು ಅವರ ಮನಸ್ಸಿನಲ್ಲಿದ್ದುದು ಗಂಡುಹೆಣ್ಣುಗಳು ತಮ್ಮ ಪರಿಚಯದ ಚಲಚ್ಚಿತ್ರ ಹಾಕಿ ಜೊತೆ ಹುಡುಕುವ ತಾಣ. ಅಂಥ ಚಿತ್ರವನ್ನು ಯಾರೂ ಹಾಕಲಿಲ್ಲ. ಆಗ, ಯಾರು ಏನು ಬೇಕಾದರೂ ಹಾಕಲಿ ಎಂದು ತೆರೆದುಬಿಟ್ಟರು. ಏಪ್ರಿಲ್ ೨೩ರಂದು ಕರೀಮನು ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಅವುಗಳ ಸೊಂಡಿಲು ಬಲು ಉದ್ದವೆಂದು ಹೇಳುವ ೧೯ ಸೆಕೆಂಡುಗಳ ತುಣುಕೊಂದನ್ನು ಏರಿಸಿದನು. ಅದೇ ಅಲ್ಲಿಯ ಮೊದಲ ಚಿತ್ರ. ನಮ್ಮ ಪಾರಿಜಾತದಲ್ಲಿ ಅಷ್ಟು ಹೊತ್ತಿಗೆ ಹಾರ್ಮೋನಿಯಮ್ಮಿನ ಶ್ರುತಿಯೂ ಕೂಡಿರುವುದಿಲ್ಲ!

ಪಿಜ್ಜಾ ಅಂಗಡಿಯ ಮೇಲಣ ಆ ಕಚೇರಿಯಲ್ಲಿ ಸೊಗಸೇನೂ ಇರಲಿಲ್ಲ. ಇಕ್ಕಟ್ಟು ಜಾಗ, ಇಲಿಗಳ ಕಾಟವೂ ಇದ್ದಿತೆಂದು ಹೇಳುತ್ತಾರೆ. ಮೂವರಲ್ಲಿ ಹರ್ಲಿ ಚಿತ್ರಕಲೆ ಬಲ್ಲವನು. ತಾಣದ ರೂಪ ಅವನ ಪಾಲಿಗೆ. ಯಂತ್ರಗಳ ಭಾರ ಚೆನ್ನನ ಪಾಲಿಗೆ. ಕರೀಮನು ಓದಿಗೆಂದು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದನು. ಅಲ್ಲಿಯ ದಿನನಿತ್ಯದ ಕೆಲಸವೆಂದರೆ ನಮ್ಮ ಕಾಲುವೆಯ ನೀರಗಂಟಿಯ ಕೆಲಸದಂತೆ. ಒಂದು ಕಡೆ ನೀರು ಕಟ್ಟಿತೆಂದು ಹೂಳು ತೆಗೆದರೆ ಮುಂದಿನ ತಿರುವಿನಲ್ಲಿ ಕಟ್ಟುತ್ತದೆ; ಅದನ್ನು ಬಿಡಿಸಿ ಮಲಗಿ ಎದ್ದರೆ ಇನ್ನೊಂದು ಕಡೆ ಏರಿ ಒಡೆದಿರುತ್ತದೆ. ಜನರು ತರತರದ ಕ್ಯಾಮರಾಗಳಲ್ಲಿ ತೆಗೆದು ಕಳಿಸಿದ ಚಿತ್ರಗಳನ್ನೆಲ್ಲ ಒಂದೇ ಅಚ್ಚಿಗೆ ತರಬೇಕು, ಸಂಗ್ರಹಿಸಬೇಕು, ಕೇಳಿದವನಿಗೆ ಕೇಳಿದ ಕ್ಷಣ ಕಳಿಸಬೇಕು. ಹಾಗೆ ಕಳಿಸಿದ ಪ್ರತಿಯೊಂದು ಸಲವೂ ತಂತಿಯ ಬಾಡಿಗೆ ಏರುತ್ತದೆ. ನೋಡುವವರು ಹೆಚ್ಚಿದಷ್ಟೂ ಖರ್ಚು ಹೆಚ್ಚು. ಇದು ಆ ಕಸಬಿನ ವಿಚಿತ್ರ.

ಅದಕ್ಕಿಂತ ವಿಚಿತ್ರವಾದುದು ಇನ್ನೊಂದು. ಒಂದೊಂದು ಚಿತ್ರಕ್ಕೂ ಗುರುತಿಗಾಗಿ ಕಿರುಚಿತ್ರಗಳಿರುತ್ತವಷ್ಟೆ. ದೊಡ್ಡ ಚಿತ್ರಗಳನ್ನು ಸಾಗಿಸುವುದಕ್ಕಿಂತ ಈ ಅಂಗೈಯಗಲದ ಚಿತ್ರಗಳನ್ನು ಹಂಚುವುದೇ ಅಲ್ಲಿಯ ಎಂಜಿನಿಯರರಿಗೆ ಹೆಚ್ಚು ತೊಡಕಾಯಿತು. ಜೋಳದ ಚೀಲವೊಂದನ್ನು ಹೊತ್ತು ಹಾಕಬಹುದು. ಅದೇ ಜೋಳವನ್ನು ಸಾವಿರ ಮಂದಿಗೆ ಹಿಡಿಹಿಡಿಯಾಗಿ ಹಂಚಿ ನೋಡಿದವನಿಗೆ ಇದರ ಮರ್ಮ ಗೊತ್ತು.

ಇನ್ನು ಮೂರನೆಯ ಬಗೆಯ ಕೆಲಸದವರು. ಯಾರು ಏನು ಬೇಕಾದರೂ ಹಾಕಬಹುದೆಂದ ಮೇಲೆ ಹಾಕಬಾರದುದನ್ನೂ ಹಾಕುತ್ತಾರೆ. ಯಾರಾದರೂ ದೂರು ಕೊಟ್ಟ ಚಿತ್ರಗಳನ್ನು ಕುಳಿತು ನೋಡಿ, ಇರಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸಲು ಒಂದು ಚಿಕ್ಕ ತಂಡವನ್ನು ಮೊದಲಿನಲ್ಲಿಯೇ ಇಡಬೇಕಾಯಿತು. ಲೋಕದ ಕ್ರೌರ್ಯವನ್ನೂ ಹೊಲಸನ್ನೂ ನಾವು ನೋಡದಿರಲೆಂದು ತಾವು ನೋಡುವುದೇ ಇವರ ಉದ್ಯೋಗ. ಮುಂದೆ ಈ ಕೆಲಸ ಗುತ್ತಿಗೆಯ ಕಂಪನಿಗಳ ಮೂಲಕ ಸಾವಿರಾರು ಜನರ ಪಾಲಿಗೆ ಬಂದಿತು. ೨೦೨೦ರಲ್ಲಿ ಇಂಥ ಕೆಲಸ ಮಾಡಿದ ಒಬ್ಬರು, ಇದರಿಂದ ತಮ್ಮ ಮನಸ್ಸಿಗೆ ಪೆಟ್ಟಾಯಿತೆಂದು ಕ್ಯಾಲಿಫೋರ್ನಿಯದ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆಟ ಮುಗಿದ ಮೇಲೆ ಅಟ್ಟದ ಅಡಿಯಲ್ಲಿ ಕಸ ಬಳಿಯುವವರನ್ನು ಯಾವ ಭಾಗವತನೂ ಹಾಡಿ ಹೊಗಳಿದ್ದಿಲ್ಲ.

ಬೆಳವಣಿಗೆಯಂತೂ ಬೆರಗುಗೊಳಿಸುವಂಥದು. ೨೦೦೬ರ ಜುಲೈ ಹೊತ್ತಿಗೆ ದಿನಕ್ಕೆ ೧೦ ಕೋಟಿ ಸಲ ಚಿತ್ರಗಳನ್ನು ಜನ ನೋಡುತ್ತಿದ್ದರು. ೬೫,೦೦೦ ಹೊಸ ಚಿತ್ರಗಳು ದಿನವೂ ಬಂದು ಬೀಳುತ್ತಿದ್ದವು. ಅದೇ ಅಕ್ಟೋಬರದಲ್ಲಿ ಗೂಗಲ್ ಕಂಪನಿ ೧೬೫ ಕೋಟಿ ಡಾಲರುಗಳ ಬೆಲೆಗೆ ಇದನ್ನು ಕೊಂಡಿತು. ಆಗ ಅಲ್ಲಿ ದುಡಿಯುತ್ತಿದ್ದವರು ಸುಮಾರು ೬೫ ಜನ. ೨೦೧೯ರ ಹೊತ್ತಿಗೆ ಒಂದೊಂದು ನಿಮಿಷಕ್ಕೂ ೫೦೦ ಗಂಟೆಗಳಷ್ಟು ಚಿತ್ರ ಬಂದು ಸೇರುತ್ತಿದ್ದಿತು. ಪಾರಿಜಾತದ ಒಂದು ರಾತ್ರಿಗೆ ಎಂಟು ಗಂಟೆಯೆಂದು ಹಿಡಿದರೂ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಅರವತ್ತಕ್ಕೂ ಹೆಚ್ಚು ರಾತ್ರಿಗಳ ಆಟ!

ಆದರೆ ಅಲ್ಲಿಯೂ ಒಂದು ಅಳತೆಗೋಲು ಬಂದಿತು. ಇತರರ ಟೆಲಿವಿಜನ್ ಕಾರ್ಯಕ್ರಮಗಳನ್ನು ಇಡಿಯಾಗಿ ಎತ್ತಿ ಹಾಕುವವರನ್ನು ತಡೆಯಲೆಂದು ೨೦೦೬ರ ಮಾರ್ಚಿನಲ್ಲಿ, ಒಂದು ಚಿತ್ರ ೧೦ ನಿಮಿಷಕ್ಕೆ ಮೀರಬಾರದೆಂದು ಕಟ್ಟಳೆ ಮಾಡಿದರು. ೨೦೧೦ರಲ್ಲಿ ಅದು ಸಡಿಲವಾಗುವವರೆಗೂ ದೀರ್ಘವಾದ ಆಟವೊಂದನ್ನು ಹಾಕಬೇಕೆಂದವರು ತುಂಡು ತುಂಡು ಮಾಡಿಯೇ ಹಾಕಬೇಕಾಗಿತ್ತು. ಸತ್ಯಭಾಮೆ ಮುನಿಸಿಕೊಳ್ಳುವುದು ಒಂದು ತುಂಡಿನಲ್ಲಾದರೆ ಮುನಿಸು ಇಳಿಯುವುದು ಎಷ್ಟನೆಯದರಲ್ಲೋ!

ಭಾರತಕ್ಕೆಂದೇ ಯೂಟ್ಯೂಬಿನ ಬೇರೆ ಮುಖ ತೆರೆದದ್ದು ೨೦೦೮ರಲ್ಲಿ. ಹಳ್ಳಿಗಳಿಗೆ ಅದು ನಿಜವಾಗಿ ಬಂದದ್ದು ೨೦೧೬ರ ಸೆಪ್ಟೆಂಬರದಲ್ಲಿ ಜಿಯೋ ಬಂದು ಮೊಬೈಲಿನ ಇಂಟರ್‌ನೆಟ್ಟು ಅಗ್ಗವಾದ ಮೇಲೆ. ಈಗ ಜಾತ್ರೆಯ ಆಟವನ್ನು ಮುಂದಿನ ಸಾಲಿನಲ್ಲಿ ಕುಳಿತ ಹುಡುಗನೇ ಹಿಡಿದು ಬೆಳಗಾಗುವಷ್ಟರಲ್ಲಿ ಏರಿಸಿಬಿಡುತ್ತಾನೆ. ಪಟ್ಟಿ ಎತ್ತಿದ ಹಿರಿಯರೂ, ಪುಣೆಗೆ ದುಡಿಯಲು ಹೋದ ಮಗನೂ ಒಂದೇ ಆಟವನ್ನು ನೋಡುತ್ತಾರೆ. ಇದು ಸಣ್ಣ ಲಾಭವೆಂದು ನಾನು ಹೇಳಲಾರೆ.

ಹೀಗಿದ್ದರೂ ಮನಸ್ಸನ್ನು ಕೊರೆಯುವ ಒಂದು ಪ್ರಶ್ನೆಯಿದೆ: ಆಟ ಯಾರದು? ೨೦೦೭ರಲ್ಲಿ ಯೂಟ್ಯೂಬಿನವರು ಒಂದು ಯಂತ್ರವಿಧಾನವನ್ನು ತಂದರು. ಹಕ್ಕುದಾರರು ತಮ್ಮ ಹಾಡು-ಚಿತ್ರಗಳ ಮಾದರಿಯನ್ನು ಮೊದಲೇ ಒಪ್ಪಿಸಿಟ್ಟರೆ, ಹೊಸದಾಗಿ ಬಂದ ಪ್ರತಿಯೊಂದನ್ನೂ ಅದರೊಡನೆ ತಾಳೆ ನೋಡಿ, ಹೋಲಿಕೆ ಕಂಡೊಡನೆ ಹಕ್ಕುದಾರರಿಗೆ ತಿಳಿಸುವ ಏರ್ಪಾಡು ಅದು. ಕಳ್ಳತನ ತಡೆಯಲು ಅದು ಬೇಕು. ಆದರೆ ಅಪರಾಳ ತಮ್ಮಣ್ಣನ ಕಾಲಕ್ಕೇ ಇಂಥ ಯಂತ್ರವಿದ್ದು, ಅವನ ಹಾಡು ಅದರಲ್ಲಿ ದಾಖಲಾಗಿದ್ದರೆ, ಕುಲಗೋಡ ತಮ್ಮಣ್ಣನನ್ನು ಅದು ಏನೆಂದು ಕರೆಯುತ್ತಿದ್ದಿತು? ಇನ್ನೊಬ್ಬನ ಸೊತ್ತನ್ನು ತೆಗೆದುಕೊಂಡವನೆಂದು ತಾನೆ? ನಾವಾದರೋ ಇಬ್ಬರನ್ನೂ ಕವಿಗಳೆಂದೇ ನೆನೆಯುತ್ತೇವೆ. ನಮ್ಮ ಪರಂಪರೆಯಲ್ಲಿ ಕೈಯಿಂದ ಕೈಗೆ ದಾಟುತ್ತ ಬೆಳೆಯುವುದೇ ಕೃತಿಯ ಆಯುಷ್ಯ. ಯಂತ್ರ ಹೋಲಿಕೆಯನ್ನು ಬಲ್ಲುದು, ಬೆಳೆಸಿದ್ದನ್ನು ಬಲ್ಲುದೇ?

ಹಣದ ಮಾತೂ ಉಂಟು. ಚಿತ್ರ ಹಾಕಿದವರಿಗೆ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡುವ ಪದ್ಧತಿ ೨೦೦೭ರಲ್ಲಿ ಮೊದಲಾಯಿತು. ದೀರ್ಘ ಚಿತ್ರಗಳಲ್ಲಿ ಅದು ನೂರಕ್ಕೆ ೫೫ರಂತೆ. ೨೦೧೮ರಲ್ಲಿ ಆ ಪಾಲು ಪಡೆಯಲು ೧,೦೦೦ ಚಂದಾದಾರರೂ ವರ್ಷದಲ್ಲಿ ೪,೦೦೦ ಗಂಟೆಗಳ ನೋಟವೂ ಬೇಕೆಂದು ನಿಯಮವಾಯಿತು. ಆದರೆ ಪಾಲು ಹೋಗುವುದು ಹಾಕಿದವನಿಗೆ. ಕುಣಿದವನು ಬೇರೆ, ಹಾಡಿದವಳು ಬೇರೆ, ಹಾಕಿದವನು ಬೇರೆಯಾದಾಗ ಆ ಪಾಲು ಮೇಳದವರ ಮನೆ ತಲುಪಬೇಕಾದರೆ ಮೊದಲು ಮೇಳದವರು ಯಾರೆಂಬುದಾದರೂ ಗೊತ್ತಿರಬೇಕಷ್ಟೆ.

ಒಮ್ಮೆ ತರಗತಿಯಲ್ಲಿ ಪಾರಿಜಾತವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ತನ್ನ ಫೋನಿನಲ್ಲಿ ಅಂಥದೊಂದು ಆಟವನ್ನು ತೋರಿಸಿದನು. ದೂತಿಯ ಪಾತ್ರ ಮಾಡಿದಾಕೆಯ ಮಾತಿನ ಚುರುಕಿಗೆ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಈಕೆ ಯಾರು, ಯಾವ ಮೇಳ, ಎಂದಿನ ಆಟ ಎಂದು ಕೇಳಿದೆ. ಹುಡುಗನು ಮೇಲೆ ಕೆಳಗೆ ಹುಡುಕಿದನು. ಚಾನೆಲ್ಲಿನ ಹೆಸರು ಇದ್ದಿತು, ನೋಡಿದವರ ಲೆಕ್ಕ ಇದ್ದಿತು. ಆಕೆಯ ಹೆಸರು ಎಲ್ಲಿಯೂ ಇರಲಿಲ್ಲ.

ನೂರಿಪ್ಪತ್ತು ವರ್ಷಗಳ ಹಿಂದೆ ಗೌಹರ್ ಜಾನ್ ತನ್ನ ಹೆಸರನ್ನು ಕೂಗಿದಳು. ಅದಕ್ಕೂ ಎಷ್ಟೋ ಮೊದಲು ನಮ್ಮ ವಚನಕಾರರೂ ದಾಸರೂ ಅಂಕಿತವಿಲ್ಲದೆ ಪದ ಮುಗಿಸುತ್ತಿರಲಿಲ್ಲ. ಲೋಕದ ಯಾವ ಕಂಪನಿಯೂ ನಮಗಾಗಿ ಮಾಡಿಕೊಡದ ಕೆಲಸವಿದು; ಮಾಡಲು ಖರ್ಚೂ ಇಲ್ಲ. ಆಟ ಏರಿಸುವ ತರುಣರು ಅದರ ಕೆಳಗೆ ನಾಲ್ಕು ಸಾಲು ಬರೆಯಲಿ: ಊರು, ದಿನ, ಮೇಳ, ಭಾಗವತನಿಂದ ಹಿಡಿದು ತಾಳದವನವರೆಗೆ ಎಲ್ಲರ ಹೆಸರು. ಕುಲಗೋಡವೆಂಬ ಊರ ಹೆಸರು ಜೊತೆಗಿದ್ದುದರಿಂದಲೇ ನಮ್ಮ ತಮ್ಮಣ್ಣನು ಇನ್ನೊಬ್ಬ ತಮ್ಮಣ್ಣನಲ್ಲಿ ಕರಗಿಹೋಗದೆ ನಮಗೆ ಉಳಿದನು. ಆ ದೂತಿಯೂ ಹಾಗೆ ಉಳಿಯಬೇಡವೇ?