ಹಾಡುವ ಗೆರೆಯ ಹಿಂದಿನ ಸಾಧನೆ

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತಕಿಯನ್ನು ಕುಣಿಸಬಲ್ಲವರಾಗಿದ್ದರು. ನೋಡಿದವರು ಅದನ್ನು ಹುಟ್ಟುಗುಣವೆಂದಾರು. ಅವರ ಜೀವನಚರಿತ್ರೆ ಹೇಳುವುದೇ ಬೇರೆ.

1930ರ ದಶಕದಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದಾಗ, ಮಾದರಿ ವ್ಯಕ್ತಿಯನ್ನು ಎದುರಿಗೆ ನಿಲ್ಲಿಸಿ ಬರೆಯುವ ಅಭ್ಯಾಸ ಅಲ್ಲಿ ಬೇರೂರಿತ್ತು. ಆ ತರಗತಿಯನ್ನು ತಂದವರು ಗ್ಲ್ಯಾಡ್‌ಸ್ಟನ್ ಸಾಲೊಮನ್. ಒಂದೇ ಆಕೃತಿಯನ್ನು ಹಲವರು ಸುತ್ತ ಕುಳಿತು ಬರೆಯುವಲ್ಲಿ, ನಮ್ಮ ತಪ್ಪು ಪಕ್ಕದವನ ಹಾಳೆ ನೋಡಿದಾಗ ಹೊಳೆಯುತ್ತದೆ. ಅದೇ ದಶಕದಲ್ಲಿ ಅಲ್ಲಿಯೇ ಕಲಿತು, ಮುಂದೆ ನಮ್ಮ ಹೈದರಾಬಾದಿನಲ್ಲಿ ನೆಲೆಸಿದ ಪಿ. ಟಿ. ರೆಡ್ಡಿಯವರೂ 1941ರಲ್ಲಿ ಮುಂಬಯಿಯಲ್ಲಿ ಗೆಳೆಯರ ಬಳಗ ಕಟ್ಟಿಕೊಂಡು ಚಿತ್ರಪ್ರದರ್ಶನ ನಡೆಸಿದರು.

ಹೆಬ್ಬಾರರು ಡಿಪ್ಲೊಮಾಕ್ಕೇ ತೃಪ್ತರಾಗಲಿಲ್ಲ. ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು, 1949ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಲಯದ ಗುಟ್ಟು ತಿಳಿಯಲು ಕಥಕ್ ನೃತ್ಯವನ್ನೂ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕ ‘ದಿ ಸಿಂಗಿಂಗ್ ಲೈನ್’ 1964ರಲ್ಲಿ ಹೊರಬಂದಾಗ ಅವರಿಗೆ ಐವತ್ತು ದಾಟಿತ್ತು.

‘ಇವನಿಗೆ ಕೈಗುಣವಿಲ್ಲ’ ಎಂದು ಮಗುವಿನ ಪೆನ್ಸಿಲು ಕೆಳಗಿಡಿಸುವ ಮೊದಲು ಇದನ್ನು ನೆನೆಯೋಣ. ದಿನಕ್ಕೊಂದು ಹಾಳೆ, ಮುಖಸ್ತುತಿ ಮಾಡದೆ ತಪ್ಪು ತೋರಿಸುವ ಇಬ್ಬರು ಗೆಳೆಯರು: ಆರಂಭಕ್ಕೆ ಇಷ್ಟು ಸಾಕು.