ಮಿಥ್ಯಾ ವಾಸ್ತವ, ವರ್ಧಿತ ವಾಸ್ತವ ಮತ್ತು ಮಿಶ್ರ ವಾಸ್ತವ

ಮಿಥ್ಯಾ ವಾಸ್ತವ, ವರ್ಧಿತ ವಾಸ್ತವ ಮತ್ತು ಮಿಶ್ರ ವಾಸ್ತವ ಇವು ಗಣಕಯಂತ್ರವು ರಚಿಸಿದ ದೃಶ್ಯ ಹಾಗೂ ಧ್ವನಿಗಳನ್ನು ಮನುಷ್ಯನ ಅನುಭವಕ್ಕೆ ತರುವ ಮೂರು ತಂತ್ರಜ್ಞಾನಗಳು. ಇವು ಕ್ರಮವಾಗಿ ವರ್ಚುವಲ್ ರಿಯಾಲಿಟಿ, ಆಗ್ಮೆಂಟೆಡ್ ರಿಯಾಲಿಟಿ ಮತ್ತು ಮಿಕ್ಸ್ಡ್ ರಿಯಾಲಿಟಿ ಎಂಬ ಹೆಸರುಗಳಿಂದ ಪರಿಚಿತವಾಗಿವೆ. ಬಳಕೆದಾರನಿಗೆ ಸುತ್ತಲಿನ ನಿಜ ಪರಿಸರ ಎಷ್ಟು ಕಾಣುತ್ತದೆ ಮತ್ತು ಕೃತಕ ದೃಶ್ಯವು ಆ ಪರಿಸರಕ್ಕೆ ಎಷ್ಟು ಹೊಂದಿಕೊಂಡಿರುತ್ತದೆ ಎಂಬುದೇ ಇವುಗಳ ನಡುವಿನ ಮುಖ್ಯ ವ್ಯತ್ಯಾಸ.

ಇತಿಹಾಸ

1968ರಲ್ಲಿ ಅಮೆರಿಕದ ವಿಜ್ಞಾನಿ ಐವಾನ್ ಸದರ್ಲೆಂಡ್ ತಲೆಗೆ ಧರಿಸುವ ದೃಶ್ಯಸಾಧನವೊಂದನ್ನು ರೂಪಿಸಿದರು. ‘ವರ್ಚುವಲ್ ರಿಯಾಲಿಟಿ’ ಎಂಬ ಹೆಸರನ್ನು 1980ರ ದಶಕದಲ್ಲಿ ಜಾರನ್ ಲ್ಯಾನಿಯರ್ ಜನಪ್ರಿಯಗೊಳಿಸಿದರು. 1990ರ ದಶಕದ ಆರಂಭದಲ್ಲಿ ಬೋಯಿಂಗ್ ಸಂಸ್ಥೆಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಪದವನ್ನು ಬಳಕೆಗೆ ತಂದರು. 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫ್ಯೂಮಿಯೊ ಕಿಶಿನೊ, ಪೂರ್ಣ ನಿಜ ಮತ್ತು ಪೂರ್ಣ ಕೃತಕ ಎಂಬ ಎರಡು ತುದಿಗಳ ನಡುವಿನ ಇಡೀ ಹರವನ್ನು ‘ಮಿಕ್ಸ್ಡ್ ರಿಯಾಲಿಟಿ’ ಎಂದು ಕರೆದರು. ಅವರ ವಿಂಗಡಣೆಯಲ್ಲಿ ವರ್ಧಿತ ವಾಸ್ತವವು ಮಿಶ್ರ ವಾಸ್ತವದ ಒಂದು ಭಾಗವೇ ಆಗಿತ್ತು. ಇಂದು ಇವೆರಡನ್ನೂ ಪ್ರತ್ಯೇಕವಾಗಿ ಹೆಸರಿಸುವುದು ಸಾಮಾನ್ಯವಾಗಿದೆ.

ವ್ಯತ್ಯಾಸಗಳು

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿರುವ ದುರ್ಗ ದೇವಾಲಯವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಭೇದವನ್ನು ತಿಳಿಯಬಹುದು. ಬಾದಾಮಿ ಚಾಲುಕ್ಯರ ಕಾಲದ ಈ ಗಜಪೃಷ್ಠಾಕಾರದ ಗುಡಿಯ ಶಿಖರವು ಶಿಥಿಲಗೊಂಡಿದ್ದು, ಅದರ ಮೇಲಿದ್ದ ಆಮಲಕವು ನೆಲದ ಮೇಲಿದೆ.

ಮಿಥ್ಯಾ ವಾಸ್ತವ: ಕಣ್ಣುಗಳನ್ನು ಪೂರ್ಣವಾಗಿ ಮುಚ್ಚುವ ಸಾಧನವನ್ನು ಧರಿಸಿದ ವಿದ್ಯಾರ್ಥಿಯು ಬೇರೊಂದು ಊರಿನ ತರಗತಿಯಲ್ಲಿ ಕುಳಿತೇ ಗುಡಿಯ ಮೂರು ಆಯಾಮದ ಪ್ರತಿರೂಪದೊಳಗೆ ಸಂಚರಿಸಬಹುದು. ಆಗ ಅವನಿಗೆ ತರಗತಿಯ ಕೋಣೆ ಕಾಣುವುದಿಲ್ಲ.

ವರ್ಧಿತ ವಾಸ್ತವ: ಐಹೊಳೆಯಲ್ಲೇ ನಿಂತ ಪ್ರವಾಸಿಗನು ಮೊಬೈಲ್ ಕ್ಯಾಮೆರಾವನ್ನು ಆಮಲಕದತ್ತ ಹಿಡಿದಾಗ ಪರದೆಯ ಮೇಲೆ ಕಲ್ಲಿನ ಚಿತ್ರದೊಂದಿಗೆ ಅದರ ಹೆಸರು ಮತ್ತು ವಿವರಣೆ ಮೂಡುತ್ತವೆ. ನಿಜವಾದ ಗುಡಿ ಹಾಗೆಯೇ ಇದ್ದು, ಮಾಹಿತಿ ಮಾತ್ರ ಸೇರುತ್ತದೆ. 2016ರಲ್ಲಿ ಪ್ರಸಿದ್ಧವಾದ ‘ಪೋಕೆಮಾನ್ ಗೋ’ ಆಟ ಈ ಬಗೆಯದು.

ಮಿಶ್ರ ವಾಸ್ತವ: ಸಾಧನದ ಸಂವೇದಕಗಳು ಗುಡಿಯ ಗೋಡೆ, ಕಂಬ ಮತ್ತು ದೂರಗಳನ್ನು ಅಳೆದು, ಪೂರ್ಣ ಶಿಖರದ ಕೃತಕ ರೂಪವನ್ನು ನಿಜವಾದ ಗುಡಿಯ ಮೇಲೆಯೇ ನಿಲ್ಲಿಸಿ ತೋರಿಸುತ್ತವೆ. ನೋಡುಗನು ಗುಡಿಯನ್ನು ಸುತ್ತಿದರೂ ಶಿಖರವು ತನ್ನ ಸ್ಥಳ ಬಿಟ್ಟು ಕದಲುವುದಿಲ್ಲ. ಕಂಬವೊಂದು ಅಡ್ಡ ಬಂದರೆ ಶಿಖರದ ಅಷ್ಟು ಭಾಗ ಮರೆಯಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಹೋಲೋಲೆನ್ಸ್ ಈ ವರ್ಗದ ಸಾಧನ.

ಕರ್ನಾಟಕದಲ್ಲಿ ಬಳಕೆ

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇಂಡಿಯನ್ ಡಿಜಿಟಲ್ ಹೆರಿಟೇಜ್’ ಯೋಜನೆಯು ಹಂಪಿಯ ಸ್ಮಾರಕಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ಇದಕ್ಕೂ ಮೊದಲು, 2006ರಲ್ಲಿ, ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ‘ಪ್ಲೇಸ್ ಹಂಪಿ’ ಎಂಬ ಪ್ರದರ್ಶನವನ್ನು ರೂಪಿಸಿದ್ದರು. ಇದರಲ್ಲಿ ನೋಡುಗನು ವೃತ್ತಾಕಾರದ ಪರದೆಯ ನಡುವೆ ನಿಂತು ಹಂಪಿಯ ದೃಶ್ಯಗಳನ್ನು ವೀಕ್ಷಿಸುತ್ತಾನೆ. ತಲೆಗೆ ಮುಚ್ಚುವ ಸಾಧನವಿಲ್ಲದಿದ್ದರೂ, ನೋಡುಗನ ಸುತ್ತ ಬೇರೊಂದು ಸ್ಥಳವನ್ನೇ ಕಟ್ಟಿಕೊಡುವುದರಿಂದ ಇದು ಮಿಥ್ಯಾ ವಾಸ್ತವಕ್ಕೆ ಸಮೀಪವಾದುದು. ಆದುದರಿಂದ ಉಪಕರಣದ ಆಕಾರವೊಂದರಿಂದಲೇ ತಂತ್ರಜ್ಞಾನದ ವರ್ಗವನ್ನು ನಿರ್ಧರಿಸಲಾಗದು.

ಮಿತಿಗಳು

ಶಿಥಿಲ ಭಾಗಗಳ ಮರುರಚನೆಯಲ್ಲಿ ಊಹೆಯ ಪಾಲು ಇರುತ್ತದೆ. ಕೃತಕ ಶಿಖರವು ನಿಜದ ಗೋಡೆಯೊಂದಿಗೆ ಚೆನ್ನಾಗಿ ಬೆರೆತಷ್ಟೂ, ಉಳಿದಿರುವ ಕಲ್ಲು ಯಾವುದು, ವಿದ್ವಾಂಸರ ಊಹೆ ಯಾವುದು ಎಂಬುದನ್ನು ನೋಡುಗನು ಗುರುತಿಸುವುದು ಕಷ್ಟವಾಗುತ್ತದೆ. ಈ ಕಾರಣದಿಂದಲೇ ಪರಂಪರೆಯ ಗಣಕೀಕೃತ ಚಿತ್ರಣಕ್ಕೆ ಸಂಬಂಧಿಸಿದ ಲಂಡನ್ ಸನ್ನದು, ಮರುರಚನೆಯ ಆಧಾರಗಳನ್ನು ದಾಖಲಿಸಬೇಕೆಂದೂ, ಸಾಕ್ಷ್ಯ ಮತ್ತು ಊಹೆಗಳ ನಡುವಿನ ಅಂತರವನ್ನು ನೋಡುಗರಿಗೆ ಸ್ಪಷ್ಟಪಡಿಸಬೇಕೆಂದೂ ಹೇಳುತ್ತದೆ.