ಐರ್ಲೆಂಡಿನ ಹಳ್ಳಿಗಳಲ್ಲಿ ‘ಒಂದು ವರ್ಷದ ಟ್ರಯಲ್ ಮದುವೆ’ ಇತ್ತೇ?

“ಐರ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಗಂಡು-ಹೆಣ್ಣು ಕೈ ಹಿಡಿದರೆ ಮದುವೆ ಆದಂತೆ. ಒಂದು ವರ್ಷ, ಒಂದು ದಿನ ಬಾಳಿ ನೋಡಿ, ಸರಿಹೋಗದಿದ್ದರೆ ಬಿಟ್ಟು ಹೋಗಬಹುದಿತ್ತು.” ಇಂತಹ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು?

ಈ ಕತೆ ಮೀತ್ ಕೌಂಟಿಯ ಟೆಲ್‌ಟೌನ್ ಎಂಬ ಊರಿನದು. ಬೇಡವಾದ ಜೋಡಿ ಬೆನ್ನಿಗೆ ಬೆನ್ನು ಮಾಡಿ ನಿಂತು, ಒಬ್ಬರು ಉತ್ತರಕ್ಕೆ, ಇನ್ನೊಬ್ಬರು ದಕ್ಷಿಣಕ್ಕೆ ನಡೆದುಬಿಟ್ಟರೆ ಸಂಬಂಧ ಮುಗಿಯಿತು ಎಂದು ಅಲ್ಲಿನವರು ಹೇಳುತ್ತಿದ್ದರು. 19ನೇ ಶತಮಾನದಲ್ಲಿ ವಿದ್ವಾಂಸ ಜಾನ್ ಓಡೊನೊವನ್ ಇದನ್ನು ಬರೆದಿಟ್ಟರು. ಅವರು ಬರೆದದ್ದು ಜನರ ಬಾಯಲ್ಲಿದ್ದ ಹಳೆಯ ಕತೆಯನ್ನು. ಕಣ್ಣಾರೆ ಕಂಡ ಮದುವೆಯನ್ನಲ್ಲ. ಐರ್ಲೆಂಡಿನ ಪ್ರಾಚೀನ ಕಾನೂನಿನಲ್ಲಿ ವಿಚ್ಛೇದನಕ್ಕೆ ಅವಕಾಶ ಇದ್ದದ್ದು ಮಾತ್ರ ನಿಜ. ಆದರೆ ಅದು ಎಷ್ಟೋ ಶತಮಾನಗಳ ಹಿಂದಿನ ಮಾತು.

19ನೇ ಶತಮಾನದ ಕೊನೆಯ ಹೊತ್ತಿಗೆ ರೈತರ ಮನೆಯ ಮದುವೆ ಎಂದರೆ ಬಹುಪಾಲು ಜಮೀನಿನ ವ್ಯವಹಾರ. ಬ್ರೋಕರ್ ಸಂಬಂಧ ತರುತ್ತಿದ್ದ. ಹೆಣ್ಣಿನ ಕಡೆಯವರು ಹೋಗಿ ಗಂಡಿನ ಹೊಲ, ದನಗಳನ್ನು ನೋಡಿ ಬರುತ್ತಿದ್ದರು. ಆಮೇಲೆ ವರದಕ್ಷಿಣೆಯ ಚೌಕಾಸಿ. ಸೊಸೆ ತಂದ ಹಣ ಎಷ್ಟೋ ಸಲ ಆ ಮನೆಯ ಮಗಳ ವರದಕ್ಷಿಣೆಗೇ ಹೋಗುತ್ತಿತ್ತು. ಜಮೀನು ಸಾಮಾನ್ಯವಾಗಿ ಒಬ್ಬ ಮಗನಿಗೆ. ಉಳಿದವರು ಹಡಗು ಹತ್ತಬೇಕು, ಇಲ್ಲವೇ ಮದುವೆಯಿಲ್ಲದೆ ಊರಲ್ಲೇ ಇರಬೇಕು.

ಹಾಗೆ ಉಳಿದವರನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್. ಆಗ ಚರ್ಚಿನಲ್ಲಿ ಮದುವೆ ನಡೆಸುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಮುಂಚಿನ ವಾರಗಳಲ್ಲೇ ಮದುವೆಗಳ ಭರಾಟೆ. ಲೆಂಟ್ ಶುರುವಾದ ಮೊದಲ ಭಾನುವಾರಕ್ಕೆ ‘ಚಾಕ್ ಸಂಡೆ’ ಎಂದೇ ಹೆಸರು. ಆ ವರ್ಷವೂ ಮದುವೆಯಾಗದವರು ಪ್ರಾರ್ಥನೆಗೆ ಬಂದರೆ, ಹುಡುಗರು ಹಿಂದಿನಿಂದ ಬಂದು ಅವರ ಕೋಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಇದನ್ನು ಬರೀ ತಮಾಷೆ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಜಮೀನಿಲ್ಲದ್ದು ಅವರ ತಪ್ಪೇ?

ಮದುವೆಯ ದಿನದ ನಂಬಿಕೆಗಳೂ ಕಡಿಮೆ ಇರಲಿಲ್ಲ. ಕುಣಿಯುವಾಗ ವಧುವಿನ ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು, ಬಿಟ್ಟರೆ ಯಕ್ಷಿಣಿಯರು ಹೊತ್ತೊಯ್ಯುತ್ತಾರೆ. ಮೇ ತಿಂಗಳಲ್ಲಿ ಮದುವೆ ಬೇಡ. ಹಿಂದಿನ ರಾತ್ರಿ ಬಾಲ ಯೇಸುವಿನ ಪುಟ್ಟ ವಿಗ್ರಹವನ್ನು ಮನೆಯ ಹೊರಗಿಟ್ಟರೆ ಮಳೆ ಬರುವುದಿಲ್ಲ. ಈ ಕೊನೆಯದು ಈಗಲೂ ನಡೆಯುತ್ತದೆ. ಮಳೆಯೂ ತನ್ನ ಪಾಡಿಗೆ ಬರುತ್ತದೆ! ಒಮ್ಮೆ ಆದರೆ ಬಿಡಿಸಿಕೊಳ್ಳಲಾಗದ ಮದುವೆ, ಅದಕ್ಕೇ ಶಕುನಗಳ ಮೇಲೆ ಇಷ್ಟೊಂದು ಕಣ್ಣು ಇತ್ತೇನೋ ಎಂದು ನಮಗನ್ನಿಸುತ್ತದೆ.

ಬಿಡಿಸಿಕೊಳ್ಳಲು ದಾರಿ ನಿಜಕ್ಕೂ ಇರಲಿಲ್ಲ. 1937ರ ಸಂವಿಧಾನ ವಿಚ್ಛೇದನವನ್ನೇ ನಿಷೇಧಿಸಿತ್ತು. ಅದನ್ನು ತೆಗೆದುಹಾಕಲು 1986ರಲ್ಲಿ ನಡೆದ ಜನಮತಗಣನೆ ಸೋತಿತು. 1995ರ ನವೆಂಬರ್‌ನಲ್ಲಿ ಮತ್ತೆ ಮತದಾನ ನಡೆಯಿತು. ಹದಿನಾರು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ವಿಚ್ಛೇದನದ ಹಕ್ಕು ಗೆದ್ದದ್ದು ಸುಮಾರು 9,000 ಮತಗಳ ಅಂತರದಲ್ಲಿ.